‘ಆಗುವುದಿಲ್ಲ’ ಎಂದ ಪೆಟ್ಟಿಗೆ

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಲಂಚ ಮುಟ್ಟದ ಅಧಿಕಾರಿ ಒಬ್ಬ ಇದ್ದಾನೆ. ಅವನಿಗೆ ಕುರ್ಚಿ ಇಲ್ಲ, ಜವಾನ ಇಲ್ಲ, ಶಿಫಾರಸು ಪತ್ರ ಓದಲು ಬರುವುದಿಲ್ಲ. ಟರ್ಬೋ ಕಾರಿನ ಬಾನೆಟ್ಟಿನ ಕೆಳಗೆ ಒಂದು ಸಣ್ಣ ಪೆಟ್ಟಿಗೆಯೊಳಗೆ ಕೂತಿದ್ದಾನೆ. ಗ್ಯಾರೇಜಿನವರು ಅವನನ್ನು ಇಸಿಎಂ ಅನ್ನುತ್ತಾರೆ. ಎಂಜಿನ್ ಎಷ್ಟು ಗಾಳಿ ನುಂಗಬೇಕು, ಎಷ್ಟು ಎಣ್ಣೆ ಕುಡಿಯಬೇಕು, ಎಷ್ಟು ಭಾರ ಹೊರಬೇಕು ಎಂದು ತೀರ್ಮಾನಿಸುವುದು ಅವನ ಕೆಲಸ. ಮಿತಿ ದಾಟಿದರೆ ಆಗುವುದಿಲ್ಲ ಅನ್ನುತ್ತಾನೆ. ಶಾಸಕರ ಅಳಿಯನಿಗೂ ಅದೇ ಉತ್ತರ, ಪಿಗ್ಮಿ ಕಲೆಕ್ಟರನಿಗೂ ಅದೇ ಉತ್ತರ.

ಇಂಥವನನ್ನು ನಾವು ಸುಮ್ಮನೆ ಬಿಟ್ಟೇವೇ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹುಡುಗರಿಗೆ ಈಗ ರೀಮ್ಯಾಪ್ ಹುಚ್ಚು. ಲ್ಯಾಪ್‌ಟಾಪ್ ಹಿಡಿದವನೊಬ್ಬ ಬರುತ್ತಾನೆ. ಸ್ಟಿಯರಿಂಗ್ ಕೆಳಗಿನ ಕಿಂಡಿಗೆ ಕೇಬಲ್ ಚುಚ್ಚುತ್ತಾನೆ. ಕಂಪೆನಿಯ ಫೈಲ್ ಹೊರಗೆ, ಅವನ ಫೈಲ್ ಒಳಗೆ. ಒಂದು ಕೆ.ಟಿ. (ಕಲ್ಲಡ್ಕ ಟೀ) ಕುಡಿದು ಮುಗಿಸುವಷ್ಟರಲ್ಲಿ 75 ಕುದುರೆಗಳು 100 ಆಗುತ್ತವೆ. ಲಾಯದಲ್ಲಿ ಜಾಗ ಉಂಟೋ ಎಂದು ಯಾರೂ ಕೇಳುವುದಿಲ್ಲ.

ಸರಿ, 100 ಕುದುರೆ ಬಂದವು. ಓಡಿಸುವುದು ಎಲ್ಲಿ? ಕಲ್ಲಡ್ಕದಲ್ಲಿ ಮೇಲ್ಸೇತುವೆ ಎದ್ದು ನಿಲ್ಲುವಷ್ಟರಲ್ಲಿ ಬೇಸಿಗೆಗೆ ಧೂಳು, ಮಳೆಗೆ ಕೆಸರು ತಿಂದು ಊರಿನವರಿಗೆ ವರ್ಷಗಳು ಕಳೆದವು. ಚಾರ್ಮಾಡಿ ಘಾಟಿ 2019ರ ಆಗಸ್ಟ್‌ನಲ್ಲಿ ಕುಸಿದು ರಸ್ತೆ ಬಂದ್ ಆಯಿತು. ಆಮೇಲೆ ಪ್ರತಿ ಮಳೆಗಾಲಕ್ಕೂ ಗುಡ್ಡದ ಕಡೆ ನೋಡುತ್ತಲೇ ಹತ್ತುತ್ತೇವೆ. ಸಿದ್ದಕಟ್ಟೆಯಿಂದ ಮೂಡುಬಿದಿರೆಗೆ, ವೇಣೂರಿನಿಂದ ಗುರುವಾಯನಕೆರೆಗೆ ಹೋಗುವ ದಾರಿಯಲ್ಲಿ ಎದುರಿಗೆ ಬಸ್ಸು ಬಂದರೆ ಕಾರು ಚರಂಡಿಯ ಅಂಚಿಗೆ ಇಳಿಯಬೇಕು. ಇಂಥ ರಸ್ತೆಗೆ ಇವರಿಗೆ ‘ಪಿಕಪ್’ ಸಾಕಾಗುವುದಿಲ್ಲವಂತೆ.

ರೀಮ್ಯಾಪ್ ಮಾಡಿಸಿದ ಮೊದಲ ವಾರ ಗಮ್ಮತ್ತು. ಎರಡನೇ ವಾರ ಕೊಟ್ಟಿಗೆಹಾರಕ್ಕೆ ನೀರುದೋಸೆ ತಿನ್ನಲು ಹೊರಟಾಗ ಘಾಟಿಯ ನಡುವೆ ಹಳದಿ ಲೈಟ್ ಉರಿಯುತ್ತದೆ. ಎಂಜಿನ್ ಸೋತ ಎತ್ತಿನ ಹಾಗೆ ಕೂತುಬಿಡುತ್ತದೆ. ಇದಕ್ಕೆ ಲಿಂಪ್ ಮೋಡ್ ಎಂದು ಹೆಸರು. ಎಷ್ಟು ತುಳಿದರೂ ಗಾಡಿ ಮೇಲೇಳುವುದಿಲ್ಲ. ಹಿಂದೆ ಬರುತ್ತಿದ್ದ ಹಳೆಯ ಓಮ್ನಿ ಹಾರ್ನ್ ಹೊಡೆದು ಮುಂದೆ ಹೋಗುತ್ತದೆ. ಆಗ ಫೋನ್.

“ಅಣ್ಣ, ಗಾಡಿ ಎಳೆಯುದಿಲ್ಲ. ಲೈಟ್ ಬರ್ತಾ ಉಂಟು.”

“ಅದು ಲೋಡ್ ಲಿಮಿಟ್ ಮಾರಾಯ. ತೆಗ್ದುಬಿಡುವ.”

“ತೆಗ್ದ್ರೆ ಎಂತಾದ್ರೂ ಆಗ್ತದಾ?”

“ಎಂತದೂ ಆಗುದಿಲ್ಲ. ಕಂಪೆನಿಯವ್ರು ಸುಮ್ಮನೆ ಇಟ್ಟದ್ದು.”

ಸುಮ್ಮನೆ ಇಟ್ಟದ್ದು! ಟರ್ಬೈನಿನ ಶಾಖ, ಪಿಸ್ಟನ್ನಿನ ಲೋಹ, ಗೇರ್‌ಬಾಕ್ಸಿನ ಹಲ್ಲು, ಕ್ಲಚ್ಚಿನ ಹಿಡಿತ ಎಲ್ಲವನ್ನೂ ವರ್ಷಗಟ್ಟಲೆ ಪರೀಕ್ಷಿಸಿದ ಎಂಜಿನಿಯರುಗಳು ಕೊನೆಗೆ ಬೇಸರ ಕಳೆಯಲು ಒಂದು ಮಿತಿ ಬರೆದು ಮನೆಗೆ ಹೋದರು. ಬಿ.ಸಿ.ರೋಡಿನ ಲ್ಯಾಪ್‌ಟಾಪ್ ಅದನ್ನು ಕಂಡುಹಿಡಿಯಿತು. ನಂಬಿ.

ಲ್ಯಾಪ್‌ಟಾಪ್ ಹಿಡಿದ ಈ ಟ್ಯೂನರ್ ಹೇಳುವುದರಲ್ಲಿ ಅರ್ಧ ಸತ್ಯ ಇದೆ. ಅದೇ ಅಪಾಯ. ಹಿಂದೆ ಈ ದೇಶದ ಅರ್ಧ ಡೀಸೆಲ್ ಕಾರುಗಳನ್ನು ಎಳೆದ ಫಿಯೆಟ್ಟಿನ 1248 ಸಿಸಿ ಮಲ್ಟಿಜೆಟ್ ಎಂಜಿನನ್ನೇ ನೋಡಿ. ಸ್ವಿಫ್ಟಿನಲ್ಲಿ ಅದು ಸುಮಾರು 75 ಕುದುರೆ, ಎರ್ಟಿಗಾದಲ್ಲಿ 90. ಸಿಸಿ ಒಂದೇ. “ನೋಡಿ, ಕಂಪೆನಿ ನಮ್ಮ 15 ಕುದುರೆ ಕಟ್ಟಿಹಾಕಿದೆ” ಎಂದು ಟ್ಯೂನರ್ ಎದೆ ತಟ್ಟುತ್ತಾನೆ. 90ರ ಎಂಜಿನಿಗೆ ರೆಕ್ಕೆ ತಿರುಗಿಸಿ ಗಾಳಿಯನ್ನು ಹದಕ್ಕೆ ತರುವ ಬೇರೆಯೇ ಟರ್ಬೋ ಇದೆ, 75ರದ್ದು ಆ ಸೌಕರ್ಯ ಇಲ್ಲದ ಸಾದಾ ಟರ್ಬೋ. ಇದನ್ನು ಮಾತ್ರ ಹೇಳುವುದಿಲ್ಲ. ಹೇಳಿದರೆ ವ್ಯಾಪಾರ ಕೆಡುತ್ತದೆ.

ಆ ಪೆಟ್ಟಿಗೆ ಯಾಕೆ ಬೇಡ ಅನ್ನುತ್ತದೆ ಎಂದು ಯಾರಾದರೂ ಕೇಳಿದ್ದಾರೆಯೇ? ಕೇಳುವ ಅಭ್ಯಾಸ ನಮಗಿಲ್ಲ. ಆದರೂ ಹೇಳುತ್ತೇನೆ.

ಆಕ್ಸಿಲರೇಟರ್ ತುಳಿಯುವುದೆಂದರೆ ಅರ್ಜಿ ಹಾಕುವುದು, ಅಷ್ಟೇ. ಇಷ್ಟು ಶಕ್ತಿ ಬೇಕೆಂಬ ಅರ್ಜಿ. ಅದು ಹಲವು ಮೇಜು ದಾಟಬೇಕು. ಬಂದ ಗಾಳಿ ಎಷ್ಟು? ಅದರ ಬಿಸಿ ಎಷ್ಟು? ಪೆಟ್ರೋಲಾದರೆ ಎಂಜಿನ್ ಕುಟ್ಟುತ್ತಿದೆಯೇ? ಗೇರ್‌ಬಾಕ್ಸ್ ತಾಳುತ್ತದೆಯೇ? ಹೊರಗಿನ ಗಾಳಿಯ ಒತ್ತಡ ಎಷ್ಟು? ಪ್ರತಿ ಮೇಜಿನವನೂ ಒಂದೊಂದು ಅಂಕಿ ಬರೆಯುತ್ತಾನೆ. ಎಲ್ಲಕ್ಕಿಂತ ಸಣ್ಣ ಅಂಕಿಯೇ ಆದೇಶ. ಇಷ್ಟೆಲ್ಲ ಕಣ್ಣು ಮಿಟುಕಿಸುವುದರೊಳಗೆ, ಮತ್ತೆ ಮತ್ತೆ. ತಾಲೂಕು ಕಚೇರಿಯಲ್ಲಿ ಪಹಣಿಯ ಹೆಸರು ತಿದ್ದಿಸಲು ಅಲೆದವರಿಗೆ ಇದು ಪುರಾಣದ ಕತೆಯ ಹಾಗೆ ಕೇಳಿಸೀತು.

ಪೆಟ್ರೋಲ್ ಟರ್ಬೋದಲ್ಲಿ ಲೆಕ್ಕಕ್ಕೆ ಲೋಡ್ ಎಂದೇ ಹೆಸರು. ಹೊರಗಿನ ವಾತಾವರಣದ ಒತ್ತಡದಲ್ಲೇ ಸಿಲಿಂಡರ್ ತುಂಬಿದರೆ ಸುಮಾರು 100. ಟರ್ಬೋ ಒತ್ತಿ ತುಂಬಿದರೆ 150, 170. ಇಷ್ಟು ಸಾವಿರ ಆರ್‌ಪಿಎಂಗೆ ಇಷ್ಟೇ ಲೋಡ್ ಎಂದು ಒಂದು ಕೋಷ್ಟಕ ಒಳಗಿದೆ. ಅದನ್ನು ದಾಟಿದರೆ ಥ್ರಾಟಲ್ ತಾನಾಗಿ ಮುಚ್ಚಿಕೊಳ್ಳುತ್ತದೆ. ಟರ್ಬೋದ ಒತ್ತಡ, ಅಂದರೆ ಬೂಸ್ಟ್, ಎಷ್ಟು ಏರಿಸಿದರೂ ಬಾಗಿಲು ಹಾಕಿದ ಮೇಲೆ ಹಾಕಿದ್ದೇ.

ಡೀಸೆಲಿನದು ಇನ್ನೂ ಸರಳ. ಒಂದು ಗ್ರಾಂ ಡೀಸೆಲ್ ಪೂರ್ತಿ ಉರಿಯಲು ಹೆಚ್ಚುಕಡಿಮೆ 14.5 ಗ್ರಾಂ ಗಾಳಿ ಬೇಕು. ಹೊಗೆ ಬರಬಾರದೆಂದರೆ ಅದಕ್ಕಿಂತಲೂ ಜಾಸ್ತಿ ಬೇಕು. ಗಾಳಿ ಇಲ್ಲದೆ ಡೀಸೆಲ್ ಸುರಿದರೆ ಕುದುರೆ ಹುಟ್ಟುವುದಿಲ್ಲ, ಮಸಿ ಹುಟ್ಟುತ್ತದೆ. ಅದಕ್ಕೇ ಗಾಳಿ ಅಳೆದು ಡೀಸೆಲ್ ಬಿಡುವ ಮಿತಿ ಒಂದಿದೆ. ರೀಮ್ಯಾಪ್ ಮಾಡುವವರು ಸಡಿಲ ಬಿಡುವ ಮಿತಿಗಳಲ್ಲಿ ಇದು ಖಂಡಿತ ಇರುತ್ತದೆ. ಹಿಂದಿನಿಂದ ಕಪ್ಪು ಹೊಗೆ ಬಂದರೆ ತಾನೇ ಸ್ನೇಹಿತರಿಗೆ ಪವರ್ ಕಾಣಿಸುವುದು.

ಘಾಟಿಯಲ್ಲೇ ಯಾಕೆ ಕೈಕೊಡುತ್ತದೆ? ಮೇಲೆ ಹೋದಷ್ಟೂ ಗಾಳಿ ತೆಳು. ಅದೇ ಒತ್ತಡ ಕೊಡಬೇಕೆಂದರೆ ಟರ್ಬೋ ಇನ್ನೂ ಜೋರಾಗಿ ತಿರುಗಬೇಕು. ಸಣ್ಣ ಟರ್ಬೋಗಳು ಮೊದಲೇ ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಆಸುಪಾಸಿನಲ್ಲಿ ಓಡುವ ಜಾತಿ. ಇನ್ನೂ ಓಡಿಸಿದರೆ ದಂಡ ಮುರಿಯುತ್ತದೆ, ಚಕ್ರದ ಚೂರು ಎಂಜಿನ್ನಿನೊಳಗೆ ಹೋಗುತ್ತದೆ. ಎತ್ತರ ಏರಿದಾಗ ಬೂಸ್ಟ್ ತಗ್ಗಿಸಬೇಕೆಂದು ಕಂಪೆನಿಯವನು ಬರೆದದ್ದು ಅದಕ್ಕೆ. ನಮ್ಮವನು ಅಳಿಸಿದ್ದು ಅದನ್ನೇ.

ಹಾಗಂತ ಪ್ರತಿ ಸಲವೂ ತಪ್ಪು ಮಿತಿಯದ್ದಲ್ಲ. ಬಹಳ ಸಲ ಮಿತಿಯ ತನಕ ಗಾಡಿ ಹೋಗಿರುವುದೇ ಇಲ್ಲ. ಪತ್ತೆ ಮಾಡುವುದು ಕಷ್ಟವಲ್ಲ. ಸ್ಟಿಯರಿಂಗ್ ಕೆಳಗಿನ ಕಿಂಡಿಗೆ ಚುಚ್ಚುವ ಒಂದು ಅಗ್ಗದ ಒಬಿಡಿ ಡಾಂಗಲ್, ಒಂದು ಮೊಬೈಲ್. ಪೆಟ್ಟಿಗೆ ಕೇಳಿದ ಬೂಸ್ಟ್ ಎಷ್ಟು, ಸಿಕ್ಕಿದ್ದೆಷ್ಟು ಎಂದು ಒಂದು ಏರು ಹತ್ತುತ್ತಾ ದಾಖಲಿಸಿ. ಓಡಿಸುವವ ರಸ್ತೆ ನೋಡಲಿ, ಮೊಬೈಲ್ ಪಕ್ಕದವನ ಕೈಯಲ್ಲಿರಲಿ. ಕೇಳಿದ್ದು ಸಿಗದಿದ್ದರೆ ಎಲ್ಲೋ ಸೋರಿಕೆ: ದೋಷದ ಕೋಡ್ ಪಿ0299. ಕೇಳಿದ್ದಕ್ಕಿಂತ ಜಾಸ್ತಿ ಬಂದರೆ ಗಾಳಿ ಬಿಡುವ ಬಾಗಿಲು ಅಥವಾ ಟರ್ಬೋದ ರೆಕ್ಕೆ ಕಚ್ಚಿಕೊಂಡಿದೆ: ಪಿ0234. ಎರಡೂ ಸರಿ ಇದ್ದು ಥ್ರಾಟಲ್ ಮುಚ್ಚಿದರೆ, ಆಗ ಮಾತ್ರ ಮಿತಿಯ ಮಾತು.

ಈ ಮೂರರ ನಡುವಿನ ವ್ಯತ್ಯಾಸ ನೋಡದೆ ಮಿತಿಯನ್ನೇ ಕಿತ್ತು ಹಾಕುವವನಿಗೆ ನಮ್ಮಲ್ಲಿ ಎಕ್ಸ್‌ಪರ್ಟ್ ಎಂದು ಹೆಸರು.

ಗುರುವಾಯನಕೆರೆ ಕಡೆಯ ಒಬ್ಬ ಹಳೆಯ ಮೆಕ್ಯಾನಿಕ್ ಇಂಥ ಗಾಡಿ ಬಂದರೆ ಮೊದಲು ಲ್ಯಾಪ್‌ಟಾಪ್ ಮುಟ್ಟುವುದಿಲ್ಲ. ಬಾನೆಟ್ ಎತ್ತಿ, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಟರ್ಬೋದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸಿನ ಅಡಿಗೆ ಬೆರಳು ಹಾಕುತ್ತಾನೆ. ಬೆರಳಿಗೆ ಎಣ್ಣೆ, ಎಣ್ಣೆಗೆ ಅಂಟಿದ ಕೆಂಪು ಧೂಳು. ಗಾಳಿ ಅಲ್ಲಿಂದಲೇ ಹೊರಟಿದೆ. ಕ್ಲಿಪ್ ಸಡಿಲ, ಹೋಸಿನ ಮಡಿಕೆಯಲ್ಲಿ ಉಗುರಗಲ ಬಿರುಕು. ಇನ್ನೊಮ್ಮೆ ವ್ಯಾಕ್ಯೂಮ್ ಪೈಪು ಇಲಿ ಕಡಿದದ್ದು. ಅಡಿಕೆ ಅಂಗಳದ ಬದಿಯಲ್ಲಿ ಕಾರು ನಿಲ್ಲಿಸಿದರೆ ಇಲಿಗೆ ಅದು ಬಾಡಿಗೆ ಇಲ್ಲದ ಮನೆ. ಹೋಸ್ ಬದಲಿಸಿ, ಕ್ಲಿಪ್ ಬಿಗಿದು, “ಹೋಗಿ ನೋಡಿ” ಅನ್ನುತ್ತಾನೆ. ಅವನು ಕೇಳುವ ಮಜೂರಿಗೆ ಚೌಕಾಸಿ ಮಾಡುವವನು, ಫೈಲ್ ಹಾಕಿಸಲು ಸಾವಿರಗಟ್ಟಲೆ ಗೂಗಲ್ ಪೇ ಮಾಡಿ ಬಂದ ಅದೇ ಹುಡುಗ.

ಆ ಸೋರುವ ಹೋಸನ್ನು ಹಾಗೆಯೇ ಬಿಟ್ಟು ಮಿತಿ ಏರಿಸಿದರೆ? ಟರ್ಬೋ ಕೊರತೆ ತುಂಬಲು ಇನ್ನೂ ಜೋರಾಗಿ ತಿರುಗುತ್ತದೆ. ಗಾಳಿ ಸೋರುತ್ತದೆ, ಡೀಸೆಲ್ ಸುರಿಯುತ್ತದೆ, ಹೊಗೆ ಏಳುತ್ತದೆ. ಟರ್ಬೋ ಸಾಯುತ್ತದೆ. ಮತ್ತೆ “ಈ ಕಂಪೆನಿಯ ಗಾಡಿಯೇ ಸರಿ ಇಲ್ಲ ಮಾರಾಯ್ರೆ.”

ಮಿತಿ ಕಿತ್ತು ಹಾಕಲು ಬಾರದವರಿಗೆ ಸುಳ್ಳಿನ ದಾರಿ ಇದೆ. ಟ್ಯೂನಿಂಗ್ ಬಾಕ್ಸ್ ಎಂಬ ಡಬ್ಬಿ ಸೆನ್ಸರಿನ ತಂತಿಯ ನಡುವೆ ಕೂತು, ಡೀಸೆಲ್ ಒತ್ತಡ ಇರುವುದಕ್ಕಿಂತ ಕಡಿಮೆ ಎಂದು ವರದಿ ಕೊಡುತ್ತದೆ. ಪೆಟ್ಟಿಗೆ ಪಾಪ, ನಂಬುತ್ತದೆ, ಒತ್ತಡ ಏರಿಸುತ್ತದೆ. ಇನ್ನೂ ಅಗ್ಗದ್ದು ಬೇಕೆಂದರೆ ಆನ್‌ಲೈನಿನಲ್ಲಿ ಒಬಿಡಿ ಚಿಪ್ ಸಿಗುತ್ತದೆ. ಬಿಚ್ಚಿ ನೋಡಿದವರಿಗೆ ಒಳಗೆ ಸಿಕ್ಕಿದ್ದು ಮಿಣುಕುವ ಎಲ್‌ಇಡಿ ದೀಪಗಳು. ನನ್ನ ಪ್ರಕಾರ ಇಡೀ ದಂಧೆಯಲ್ಲಿ ಪ್ರಾಮಾಣಿಕ ಸರಕು ಅದೊಂದೇ. ಏನೂ ಮಾಡುವುದಿಲ್ಲ, ಏನೂ ಹಾಳಾಗುವುದೂ ಇಲ್ಲ.

ಸುಳ್ಳಿನ ಉತ್ತುಂಗ ನೋಡಬೇಕೆಂದರೆ ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ನೋಡಬೇಕು. 1.8 ಲೀಟರ್ ಪೆಟ್ರೋಲ್ ಟರ್ಬೋ, 150 ಕುದುರೆ, ಇಂದಿಗೂ ಅದಕ್ಕೆ ಭಕ್ತರುಂಟು. ಆ ಕಾಲದ ಬಾಷ್ ಎಂಇ7 ಪೆಟ್ಟಿಗೆ ಲೋಡನ್ನು ಒಂದೇ ಬೈಟಿನಲ್ಲಿ ಬರೆದಿಡುತ್ತದೆ. ಒಂದು ಮೆಟ್ಟಿಲಿಗೆ 0.75, ಮೆಟ್ಟಿಲು 255. ಗುಣಿಸಿ: 191.25. ಅದರಾಚೆಗೆ ಅದಕ್ಕೆ ಲೆಕ್ಕವೇ ಗೊತ್ತಿಲ್ಲ. ಒತ್ತಡವೂ ಹಾಗೆಯೇ, 2550 ಮಿಲಿಬಾರಿಗೆ ಕಣ್ಣು ಮುಚ್ಚುತ್ತದೆ. ದೊಡ್ಡ ಟರ್ಬೋ ಹಾಕಿದವರು ಇದಕ್ಕೆ ಕಂಡುಕೊಂಡ ಉಪಾಯ, ಒಳಗಿನ ಅಂಕಿಗಳನ್ನೆಲ್ಲ ಅರ್ಧ ಮಾಡಿಬಿಡುವುದು. ನಿಜಕ್ಕೂ 3000 ಇದ್ದರೆ ಪೆಟ್ಟಿಗೆಗೆ 1500 ಎಂದು ಹೇಳುವುದು. ಪೆಟ್ಟಿಗೆಗೆ ಖುಷಿ, ಮಾಲೀಕನಿಗೂ ಖುಷಿ.

ಜಗತ್ತಿನ ಎಂಜಿನಿಯರುಗಳು ತಲೆ ಕೆಡಿಸಿಕೊಂಡು ಕಂಡುಹಿಡಿದ ಈ ವಿದ್ಯೆ ನಮಗೆ ಹೊಸದಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಜಾಗದ ಬೆಲೆ ಬರೆಸುವಾಗ ನಾವು ಇದನ್ನು ಯಾವಾಗಲೋ ಕಲಿತಾಗಿದೆ.

ಇನ್ನು ಡಿಪಿಎಫ್. 2020ರ ಏಪ್ರಿಲ್‌ನಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರಿನ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಜಾಲರಿ ಕೂರಿಸಿದ್ದಾರೆ. ಮಸಿ ತುಂಬಿದರೆ ಅದು ಸುಟ್ಟುಕೊಳ್ಳಬೇಕು, ಅದಕ್ಕೆ ಸ್ವಲ್ಪ ಹೊತ್ತು ನಿರಂತರ ಓಟ ಬೇಕು. ಮನೆಯಿಂದ ಸೊಸೈಟಿಗೆ, ಸೊಸೈಟಿಯಿಂದ ಪೇಟೆಗೆ ಓಡಾಡುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ಪೆಟ್ಟಿಗೆ ಮತ್ತೆ ಲೋಡ್ ಇಳಿಸುತ್ತದೆ. ಪರಿಹಾರ? ಜಾಲರಿಯನ್ನು ಕೊರೆದು ಖಾಲಿ ಮಾಡುವುದು, ಅದು ಇದೆ ಎಂದು ಪೆಟ್ಟಿಗೆಗೆ ಸುಳ್ಳು ಹೇಳಿಸುವುದು.

ಬೆಳ್ತಂಗಡಿಯಲ್ಲಿ ಅಂಥ ಒಂದು ಗಾಡಿಯ ಹಿಂದೆ ಸಿಕ್ಕಿಬಿದ್ದೆ. ಹಿಂದಿನ ಗಾಜಿನ ಮೇಲೆ ‘ನೇತ್ರಾವತಿ ಉಳಿಸಿ’ ಸ್ಟಿಕ್ಕರ್. ಎತ್ತಿನಹೊಳೆ ಯೋಜನೆಯ ವಿರುದ್ಧದ ಹೋರಾಟದ ಕಾಲದ್ದು. ಸ್ಟಿಕ್ಕರಿನ ಕೆಳಗಿನ ಅರ್ಧ ಮಸಿಯಲ್ಲಿ ಮುಳುಗಿತ್ತು. ಓದಲು ಸಿಕ್ಕಿದ್ದು ‘ನೇತ್ರಾವತಿ’ ಮಾತ್ರ. ‘ಉಳಿಸಿ’ ಹೋಗಿತ್ತು. ಪಶ್ಚಿಮ ಘಟ್ಟದ ಮೇಲಿನ ಪ್ರೀತಿ ಇವರಿಗೆ ಎಷ್ಟೆಂದರೆ, ಚಾರ್ಮಾಡಿಯ ಅಬ್ಬಿಯ ಎದುರು ಕಾರು ನಿಲ್ಲಿಸಿ, ಬಾಗಿಲು ತೆಗೆದು, ಎಂಜಿನ್ ರೇಸ್ ಮಾಡಿ, ಹೊಗೆಯ ನಡುವೆಯೇ ರೀಲ್ಸ್.

ಈ ಗಾಡಿಗೆ ಹೊಗೆ ಸರ್ಟಿಫಿಕೇಟ್ ಇಲ್ಲವೇ? ಇದೆ. ಡ್ಯಾಶ್‌ಬೋರ್ಡಿನ ಡ್ರಾಯರಿನಲ್ಲಿ ಮಡಚಿ ಇಟ್ಟಿರುತ್ತಾರೆ. ಡೀಸೆಲ್ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಪೂರ್ತಿ ತುಳಿದು, ಹೊಗೆ ಎಷ್ಟು ದಟ್ಟ ಎಂದು ಅಳೆಯಬೇಕು. ದಟ್ಟಣೆಯ ಮಿತಿ ಬಿಎಸ್4 ಗಾಡಿಗೆ 50 ಎಚ್‌ಎಸ್‌ಯು, ಅದಕ್ಕಿಂತ ಹಳೆಯದಕ್ಕೆ 65. ನಿಯಮ ಹಾಗೆ. ಪೂರ್ತಿ ತುಳಿಯುವ ಕಾಲು ಎಲ್ಲಿದೆ ಎಂದು ಮಾತ್ರ ಕೇಳಬೇಡಿ. ಇನ್ನು ನ್ಯೂಟ್ರಲ್‌ನಲ್ಲಿ ನಿಂತ ಗಾಡಿಗೆ ಎಳೆಯುವ ಭಾರವೇ ಇಲ್ಲ. ಘಾಟಿಯಲ್ಲಿ ಐದು ಜನ ಕೂತು ಮೂರನೇ ಗೇರಿನಲ್ಲಿ ಹತ್ತುವಾಗ ಬರುವ ಹೊಗೆಗೂ ಇದಕ್ಕೂ ಏನು ಸಂಬಂಧ? ಭಾರ ಹೊರುವಾಗ ಮಾಡುವ ಪಾಪವನ್ನು ಭಾರ ಇಳಿಸಿ ಅಳೆಯುತ್ತೇವೆ.

ಕಾನೂನು ಇಲ್ಲವೆಂದಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪೆನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸಬೇಡಿ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಕೂಡ ಬಂತು. ಎಷ್ಟು ಮಂದಿ ಫೈಲ್ ಬದಲಿಸಿ ಒಳಗೆ ಹೋದರು? ನಮ್ಮ ತಪಾಸಣೆಯವರು ಬಿಸಿಲಿನಲ್ಲಿ ನಿಂತು ಉಗುರಿನಿಂದ ಸನ್‌ಫಿಲ್ಮ್ ಕೆರೆಯುತ್ತಾರೆ. ನಂಬರ್ ಪ್ಲೇಟಿನ ಅಕ್ಷರದ ಸೊಟ್ಟ ನೋಡುತ್ತಾರೆ. ಕಣ್ಣಿಗೆ ಕಾಣುವ ಅಪರಾಧಕ್ಕೆ ಮಾತ್ರ ಇಲ್ಲಿ ಶಿಕ್ಷೆ.

ಮಾಲೀಕನ ಜಾಣತನವೂ ಕಡಿಮೆಯಲ್ಲ. ಸರ್ವಿಸಿಗೆ ಹೋಗುವ ಮುನ್ನಾ ದಿನ ಕಂಪೆನಿಯ ಫೈಲ್ ಮತ್ತೆ ಒಳಗೆ ಹಾಕಿಸುತ್ತಾನೆ. ವಾರಂಟಿ ಬೇಕಲ್ಲ. ಕೌಂಟರಿನಲ್ಲಿ ಮುಗ್ಧ ಮುಖ: “ಸರ್, ಟರ್ಬೋ ತಾನಾಗಿ ಹೋಯ್ತು.” ಹೊರಗೆ ಬಂದು ಕಾಫಿ ಹೀರುತ್ತಾ ಈ ದೇಶದ ಭ್ರಷ್ಟಾಚಾರದ ಬಗ್ಗೆ ಅರ್ಧ ಗಂಟೆ ಮಾತಾಡುತ್ತಾನೆ. ಆಯುಧಪೂಜೆಯ ದಿನ ಅದೇ ಗಾಡಿಯ ಟೈರಿನ ಕೆಳಗೆ ಲಿಂಬೆಹಣ್ಣು. ಸೆನ್ಸರ್ ಕಿತ್ತವನಿಗೆ ಲಿಂಬೆಹಣ್ಣಿನ ಮೇಲೆ ಪೂರ್ತಿ ಭರವಸೆ.

ಆದರೆ ಹುಡುಗರನ್ನೇ ಬೈದು ಮುಗಿಸಲು ನನಗೆ ಮನಸ್ಸಿಲ್ಲ. ಮಿತಿ ಏರಿಸುವ ವಿದ್ಯೆ ಕಲಿಸಿದವರು ಮೇಲಿದ್ದಾರೆ.

2018ರ ಜೂನ್ 25. ಬಂಟ್ವಾಳ ತಾಲೂಕಿನ ಮೂಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿದು ಬಿತ್ತು. ಬುಡದ ಮರಳು ಅಗೆದು ಅಗೆದು ಕಂಬ ನಿಲ್ಲಲಿಲ್ಲ ಎಂದು ಊರೆಲ್ಲ ಹೇಳಿತು. ಮರಳು ಹೊತ್ತ ಲಾರಿಗಳು ಎಷ್ಟು ಟನ್ ಹೊತ್ತಿದ್ದವು ಎಂದು ಯಾರೂ ತೂಗಿರಲಿಲ್ಲ. ಮುಂದಿನ ತಿಂಗಳೇ, ಜುಲೈಯಲ್ಲಿ, ಕೇಂದ್ರ ಸರಕಾರ ದೇಶದ ಲಾರಿಗಳಿಗೆ ಆಕ್ಸಲ್ ಭಾರದ ಮಿತಿ ಏರಿಸಿತು. ಎರಡು ಆಕ್ಸಲ್ಲಿನ ಲಾರಿಯ ಒಟ್ಟು ತೂಕ 16.2 ಟನ್ನಿನಿಂದ 18.5ಕ್ಕೆ. ಎರಡಕ್ಕೂ ನೇರ ಸಂಬಂಧವಿಲ್ಲ, ಗೊತ್ತು. ಆದರೆ ಓವರ್‌ಲೋಡ್ ತಡೆಯಲು ಆಗದಿದ್ದರೆ ಏನು ಮಾಡಬೇಕು? ಲೋಡಿನ ಲೆಕ್ಕವನ್ನೇ ತಿದ್ದಬೇಕು. ಭಾರತ ಸರಕಾರ ಮಾಡಿಸಿಕೊಂಡ ಸ್ಟೇಜ್ ಒನ್ ರೀಮ್ಯಾಪ್ ಅದು. ಸೇತುವೆಗಳ ಫೈಲ್ ಮಾತ್ರ ಹಳೆಯದೇ.

ಬಸ್ಸುಗಳಿಗೆ, ಲಾರಿಗಳಿಗೆ ಗಂಟೆಗೆ 80 ಕಿ.ಮೀ. ದಾಟದಂತೆ ಸ್ಪೀಡ್ ಗವರ್ನರ್ ಇರಬೇಕೆಂದು 2015ರಲ್ಲೇ ಆದೇಶ ಆಗಿದೆ. ಎಫ್‌ಸಿ (ಫಿಟ್‌ನೆಸ್ ತಪಾಸಣೆ) ದಿನ ಅದು ಗಾಡಿಯಲ್ಲಿ ಇರುತ್ತದೆ. ಮಾರನೇ ದಿನ ಮೂಡುಬಿದಿರೆ ರಸ್ತೆಯಲ್ಲಿ ಟೈಮಿಂಗಿಗಾಗಿ ಹಾರುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕೂತು, ಅದು ಇನ್ನೂ ಇದೆಯೇ ಎಂದು ನೀವೇ ಹೇಳಿ. ಉತ್ತರ ಹೇಳಲು ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಳ್ಳಬೇಕಾದೀತು.

ಕಂಪೆನಿಗಳೇನು ಸಾಚಾ? 2015ರಲ್ಲಿ ಫೋಕ್ಸ್‌ವ್ಯಾಗನ್ ಅಮೆರಿಕದಲ್ಲಿ ಸಿಕ್ಕಿಬಿತ್ತು. ಪರೀಕ್ಷೆ ನಡೆಯುತ್ತಿದೆ ಎಂದು ಗುರುತು ಹಿಡಿದು, ಆಗ ಮಾತ್ರ ಶುದ್ಧ ಗಾಳಿ ಬಿಡುವ ಸಾಫ್ಟ್‌ವೇರ್ ಅದರ ಪೆಟ್ಟಿಗೆಯಲ್ಲಿತ್ತು. ಭಾರತದಲ್ಲೂ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಯಬೇಕಾಯಿತು. ಹಸಿರು ನ್ಯಾಯಮಂಡಳಿ 2019ರ ಮಾರ್ಚ್‌ನಲ್ಲಿ 500 ಕೋಟಿ ದಂಡ ಹಾಕಿತು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬಲವಂತದ ಕ್ರಮಕ್ಕೆ ತಡೆ ಕೊಟ್ಟಿತು. ಕಂಪೆನಿ ಮಾಡಿದರೆ ವ್ಯಾಜ್ಯ, ನಮ್ಮವರು ಮಾಡಿದರೆ ಟ್ಯಾಲೆಂಟ್.

ಫೈಲ್ ಬದಲಿಸಿದ್ದನ್ನು ಹಿಡಿಯಲು ಬರುವುದಿಲ್ಲವೇ? ಬರುತ್ತದೆ. ಪೆಟ್ಟಿಗೆಯೊಳಗಿನ ಫೈಲಿನಲ್ಲಿ ಒಂದಕ್ಷರ ಬದಲಾದರೂ ಬದಲಾಗುವ ತಾಳೆಸಂಖ್ಯೆಯೊಂದಿದೆ. ಸಿವಿಎನ್ ಅನ್ನುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 2021ರ ಜುಲೈಯಿಂದ ಹೊಗೆ ತಪಾಸಣೆಯ ಹೊತ್ತಿಗೆ ಕೇಬಲ್ ಚುಚ್ಚಿ ಅದನ್ನೂ ಓದುತ್ತಾರೆ. ಕಂಪೆನಿಯ ಲೆಕ್ಕಕ್ಕೆ ತಾಳೆಯಾಗದಿದ್ದರೆ ಗಾಡಿ ಫೇಲ್. ಮೂಲ ಫೈಲ್ ಹಾಕಿಸಿಕೊಂಡು ಬಾ ಎಂದು ವಾಪಸ್ ಕಳಿಸುತ್ತಾರೆ. ಅದಕ್ಕೆ ಲ್ಯಾಬ್ ಬೇಡ, ವಿಜ್ಞಾನಿ ಬೇಡ. ಟ್ಯೂನರಿನ ಚೀಲದಲ್ಲಿರುವಂಥದೇ ಒಂದು ಕೇಬಲ್ ಸಾಕು.

ಇಲ್ಲಿ ಅದು ಬೇಗ ಬರುವುದಿಲ್ಲ, ಬಿಡಿ. ಬಂದರೆ ಮೊದಲ ದಿನ ಫೇಲ್ ಆಗುವ ಗಾಡಿಗಳಲ್ಲಿ ಯಾರ ಯಾರ ಹೆಸರಿನ ಬೋರ್ಡು, ಯಾವ ಯಾವ ಪಕ್ಷದ ಬಾವುಟ ಇರುತ್ತದೆ ಎಂದು ಇಲಾಖೆಗೂ ಗೊತ್ತು, ನಿಮಗೂ ಗೊತ್ತು. ಕೇಬಲ್ ಚುಚ್ಚುವ ಕಿಂಡಿ ನಿಮ್ಮ ಕಾರಿನಲ್ಲೂ ಇದೆ, ಸ್ಟಿಯರಿಂಗಿನ ಕೆಳಗೆ. ನಮ್ಮ ಹೊಗೆ ತಪಾಸಣೆಯಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ.